ಕಾಲಿಗೆ ತಕ್ಕ ಕ್ಲಚ್ಚು

31 ಆಗಸ್ಟ್ 1952, ಭಾನುವಾರ. ಮಧ್ಯಾಹ್ನ

ಎಂದಿನಂತೆ ಬೆಳಿಗ್ಗೆ ಎದ್ದವಳೇ ಕಾರು ತೊಳೆದೆ. ಇವರು ಶೇವ್ ಮುಗಿಸಿ ಬರುವಷ್ಟರಲ್ಲಿ ಅತ್ತೆ ಹಿಂದಿನ ಸೀಟಿನಲ್ಲಿ ಸ್ಥಾಪಿತರಾಗಿದ್ದರು. ಮಡಿಲಲ್ಲಿ ತೆಂಗಿನಕಾಯಿ, ಬಾಯಲ್ಲಿ ಎಲೆಯಡಿಕೆ. ಭಾನುವಾರ ಎಂದರೆ ಚಾಮುಂಡಿ ಬೆಟ್ಟ. ಕುಂಬಾರಕೊಪ್ಪಲಿನಿಂದ ಬೆಟ್ಟದ ಬುಡದವರೆಗೆ ನಾನು ಓಡಿಸುವುದು, ಮೇಲಕ್ಕೆ ಇವರು. ಮದುವೆಯಾದ ವರ್ಷ ಮೇಟಗಳ್ಳಿಯ ಬಯಲಲ್ಲಿ ಇವರೇ ಕಲಿಸಿದ್ದು. ಆಗ ಎಷ್ಟು ನಗುತ್ತಿದ್ದರು... ನಾನು ಗೇರ್ ತಪ್ಪಿಸಿದರೂ ನಗು.

ಇವತ್ತು ಅರ್ಧ ಬೆಟ್ಟದಲ್ಲಿ ಎಡವಟ್ಟು. ಎಂಜಿನ್ ಭೋರ್ ಎನ್ನುತ್ತದೆ, ಕಾರು ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆದು ಪಕ್ಕದಲ್ಲೇ ಹೋಯಿತು. ಕಿಟಕಿಗಳ ತುಂಬ ಹಲ್ಲು.

ಅತ್ತೆ ಬಿಡುತ್ತಾರೆಯೇ. "ಎಂಬತ್ತೈದು ಕುದ್ರೆ ಸಕ್ತಿ ಅಂತ ಊರಿಗೆಲ್ಲ ಏಳ್ಕಂಡ್ ತಿರುಗ್ತೀಯಲ್ಲೋ. ಈಗ ಎಲ್ಲೋದ್ವು?"

"ಕುದ್ರೆಗಳು ಅವೆ ಕಣವ್ವ. ನೊಗ ಜಾರ್ತದೆ," ಅಂದರು ಇವರು.

ಫೋರ್ಡ್ ವಿ-ಎಯ್ಟ್. ಕಾಫಿ ತೋಟದ ದೊರೆ ಸೀಮೆಗೆ ಹೊರಟಾಗ ಮಾರಿ ಹೋದದ್ದು. ಎಂಜಿನ್ನು ಗುಂಡುಕಲ್ಲು. ಆದರೆ ಕ್ಲಚ್ಚು ಏಕೆ ಸವೆಯಿತೆಂದು ನನಗೆ ಗೊತ್ತು. ಪೂಜೆ ಮಾಡುವ ಗಾಡಿಗೆ ಚಪ್ಪಲಿ ಸೋಕಬಾರದೆಂದು ಇವರು ಬರಿಗಾಲಲ್ಲಿ ಓಡಿಸುತ್ತಾರೆ. ಬರಿಗಾಲಿಗೆ ಪೆಡಲ್ಲೇ ಮಣೆ — ಹೆಬ್ಬೆರಳು ಸದಾ ಅದರ ಮೇಲೆ, ಕ್ಲಚ್ಚು ಅರೆ ಒತ್ತಿಯೇ ಉಜ್ಜುತ್ತಿರುತ್ತದೆ. ಹೇಳಿದರೆ ಕೋಪ. ಹೇಳಲಿಲ್ಲ.

3 ಸೆಪ್ಟೆಂಬರ್, ಬುಧವಾರ

ಕಾರು ಚೆಲುವಯ್ಯನವರ ಗ್ಯಾರೇಜಿನಲ್ಲಿ. ಬಿಚ್ಚಿ ತೋರಿಸಿದರು. ಎಂಜಿನ್ನಿಗೂ ಗೇರಿಗೂ ನಡುವೆ ಒಂದು ತಟ್ಟೆ, ನಮ್ಮ ದೋಸೆ ಕಾವಲಿಗಿಂತ ಚಿಕ್ಕದು. ಎರಡೂ ಮಗ್ಗುಲಿಗೆ ಹೊದಿಸಿದ ಲೈನಿಂಗು ಸವೆದು ಮೊಳೆ ಕಾಣುತ್ತಿದೆ. ಇಷ್ಟು ದೊಡ್ಡ ಗಾಡಿಯ ಮಾನ ಇಷ್ಟರ ಮೇಲೆ.

ಅಸಲಿ ಕಂಪನಿಯ ಮಾಲಿಗೆ ಪರ್ಮಿಟ್ಟು, ಹಡಗು, ವರ್ಷ. ಹಾಗಾಗಿ ಬೇರೆಯವರು ಮಾಡಿದ್ದನ್ನೇ ನೋಡಬೇಕು. ಚೆಲುವಯ್ಯ ಹೇಳಿದ್ದು ಎರಡು ದಾರಿ. ಒಂದು — ಇದೇ ಕಂಪನಿಯ ಲಾರಿಯದು. ತಟ್ಟೆ ದೊಡ್ಡದು, ಸ್ಪ್ರಿಂಗು ಬಿರುಸು, ಎಂಥ ಎಂಜಿನ್ನನ್ನೂ ಹಿಡಿದು ನಿಲ್ಲಿಸುತ್ತದೆ. ಆದರೆ ಪೆಡಲ್ ಕಲ್ಲು. ಇನ್ನೊಂದು — ಮದರಾಸಿನವರು ಕಾರಿಗೆಂದೇ ಮಾಡುವ ಸೆಟ್ಟು. ಸ್ಪ್ರಿಂಗು ಮೆದು, ಆದರೆ ಒಳಗೆ ತೂಕದ ಬೆರಳುಗಳಿರುತ್ತವಂತೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಅವು ಬೀಸಿಕೊಂಡು ತಟ್ಟೆಯನ್ನು ಗಟ್ಟಿಯಾಗಿ ಅದುಮುತ್ತವೆ. ನಿಂತಾಗ ಕಾಲಿಗೆ ಹಗುರ, ಓಡುವಾಗ ಹಿಡಿತ.

"ಯಾವುದು ಒಳ್ಳೇದು?" ಎಂದು ನಾನೇ ಕೇಳಿದೆ.

"ಎರಡೂ ಒಳ್ಳೇವೇ ಅಮ್ಮಾವ್ರೇ. ಓಡ್ಸೋರು ಯಾರು ಅನ್ನೋದ್ರ ಮೇಲೆ," ಅಂದರು ಚೆಲುವಯ್ಯ. ಇವರು ಕೆಮ್ಮಿದರು.

6 ಸೆಪ್ಟೆಂಬರ್, ಶನಿವಾರ

ಚಿಕ್ಕಣ್ಣ ಬಂದಿದ್ದ. ಇವರ ಬಾಲ್ಯದ ಗೆಳೆಯ, ಈಗ ಲಾರಿ ಮಾಲೀಕ. ಇವರ ಕಟ್ಟಡದ ಕಂಟ್ರಾಕ್ಟಿನ ಇಟ್ಟಿಗೆಯೆಲ್ಲ ಅವನ ಲಾರಿಯಲ್ಲೇ. ಮಿಲಿಟರಿ ಡಿಸ್ಪೋಸಲ್ ಹರಾಜಿನಲ್ಲಿ ಹಿಡಿದ ಹೊಸ ಲಾರಿ ಕ್ಲಚ್ಚು ಅವನ ಹತ್ತಿರ ಇದೆಯಂತೆ, ಪೆಟ್ಟಿಗೆ ಒಡೆದಿಲ್ಲವಂತೆ.

"ಆನೆಗೆ ಆನೆ ಸರಪಣೀನೇ ಆಕ್ಬೇಕು ಕಣೋ. ಮದ್ರಾಸಿಂದು ಕುರಿ ಕಟ್ಟೋ ಅಗ್ಗ."

ಅವನ ಲಾರಿ ಬಾಗಿಲಲ್ಲೇ ನಿಂತಿತ್ತು. ಹತ್ತಿ ಕುಳಿತು ಪೆಡಲ್ ತುಳಿದು ನೋಡಿದೆ. ಅರ್ಧಕ್ಕೆ ನಿಂತಿತು. ಸ್ಟೀರಿಂಗ್ ಚಕ್ರ ಹಿಡಿದುಕೊಂಡು ಮೈಭಾರ ಬಿಟ್ಟೆ. ಮುಕ್ಕಾಲು. ತೊಡೆ ನಡುಗಿತು.

"ಅತ್ಗೆಮ್ಮ, ಇದು ಒಲಿಗೆ ಮಿಷಿನ್ನಲ್ಲ," ಎಂದು ನಕ್ಕ. ನನಗಷ್ಟೇ ಅಂದಿದ್ದರೆ ಬೇಸರವಿರಲಿಲ್ಲ, ನಾನು ಲಾರಿ ಇಳಿಯುವಾಗ ಇವರಿಗೂ ಒಂದು ಚುಚ್ಚಿದ. "ಎಡಕ್ಕೆ ಕೂರೋಳು ಹೆಂಡ್ತಿ ಕಣೋ ಪುಟ್ಟಸ್ವಾಮಿ. ನೀನ್ಯಾಕಪ್ಪ ಸೆರಗು ಹೊದ್ಕಂಡು ಎಡಕ್ಕೆ ಕೂತ್ಕತೀಯ? ಹೋಟ್ಲಲ್ಲೆಲ್ಲ ಅದೇ ಮಾತು."

ಇವರು ನಕ್ಕರು. ಕಿವಿ ಕೆಂಪಾಗಿತ್ತು.

ಸಂಜೆ: "ಲಾರೀದೇ ಹಾಕ್ಸಣ ವಸಂತ. ಗಟ್ಟಿಮುಟ್ಟು." ಮುಖ ನೋಡಲಿಲ್ಲ.

ಅರ್ಥವಾಯಿತು. ನೀನು ಓಡಿಸಬೇಡ ಎಂದು ಬಾಯಲ್ಲಿ ಅನ್ನಲಾರರು. ಕಲಿಸಿದವರು ಅವರೇ ತಾನೇ. ಕಬ್ಬಿಣದ ಬಾಯಲ್ಲಿ ಹೇಳಿಸಿದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಕೋಪ ಬಂತು. ಆ ಕೆಂಪು ಕಿವಿ ನೆನೆದು ಪಾಪ ಎಂದೂ ಅನ್ನಿಸಿತು. ಎರಡೂ ಒಟ್ಟಿಗೆ ಬರುವುದು ದೊಡ್ಡ ಹಿಂಸೆ.

11 ಸೆಪ್ಟೆಂಬರ್, ಗುರುವಾರ

ಗೆದ್ದೆ. ನಾನಲ್ಲ, ಅತ್ತೆ.

ಊಟಕ್ಕೆ ಕುಳಿತಾಗ ಎತ್ತಿದರು. "ಲಾರೀದು ಆಕುಸ್ದ್ರೆ ಇವಳ ಕಾಲ್ಗೆ ಆಗಕ್ಕಿಲ್ವಂತೆ? ನೀನು ವಾರವೆಲ್ಲ ಕೆಲ್ಸ ಕೆಲ್ಸ ಅಂತ ಓಯ್ತೀಯ. ನನ್ನ ಸಂತೆಗೆ, ತಂಗಿ ಮನೆಗೆ ಕರ್ಕಂಡೋಗೋರು ಯಾರು? ನಿಮ್ಮಪ್ಪ ಬತ್ತಾನಾ ಎದ್ದು?"

ತಂದೆಯ ಹೆಸರು ಬಂದ ಮೇಲೆ ಇವರು ಸೋತಂತೆಯೇ. ಮದರಾಸಿಗೆ ಆರ್ಡರು. ಆದರೆ ಎದ್ದು ಕೈ ತೊಳೆಯುತ್ತ ಒಂದು ಮಾತು ಹಾಕಿದರು. "ಬೆಟ್ಟದಲ್ಲಿ ಒಂದೇ ಒಂದು ಸಲ ಜಾರ್ಲಿ, ಮಾರನೇ ದಿನ ಲಾರೀದು. ಆಮೇಲೆ ಮಾತಿಲ್ಲ." ಒಪ್ಪಿದೆ. ಒಪ್ಪದೆ ಏನು ಮಾಡಲಿ.

ಅತ್ತೆ ನನ್ನ ಪರ ನಿಂತದ್ದು ಸಣ್ಣದಲ್ಲ. ಹೋದ ವರ್ಷ ಒಂದು ಕಟ್ಟಡದ ನಕ್ಷೆಯ ಮೇಲೆ ಹಪ್ಪಳ ಒಣಹಾಕಿಬಿಟ್ಟಿದ್ದರು. ಇವರು ಓವರ್ಸಿಯರ್ ಎದುರೇ "ಹಳ್ಳಿ ಬುದ್ಧಿ" ಅಂದುಬಿಟ್ಟರು. ಅತ್ತೆ ಗಂಟು ಕಟ್ಟಿ ಊರಿಗೆ ಹೋದವರು ಸಂಕ್ರಾಂತಿಯವರೆಗೂ ಬರಲಿಲ್ಲ. ಆಮೇಲೆ ನಾನೇ ಕಾರು ತೆಗೆದುಕೊಂಡು ಹೋಗಿ ಕರೆತಂದೆ. ದಾರಿಯಲ್ಲಿ ಮಾತೇ ಇಲ್ಲ. ಶ್ರೀರಂಗಪಟ್ಟಣದ ಸೇತುವೆ ಮೇಲೆ ಮಾತ್ರ, "ನೀನು ಓಡ್ಸದು ಮೆತ್ತಗದೆ ಕಣವ್ವ" ಅಂದಿದ್ದರು.

26 ಸೆಪ್ಟೆಂಬರ್, ಶುಕ್ರವಾರ

ಸೆಟ್ಟು ಬಂತು! ಇವರೇ ಸ್ಟೇಷನ್ನಿನಿಂದ ಬಿಡಿಸಿ ತಂದರು. ಹಬ್ಬಕ್ಕೆ ಚೆಲುವಯ್ಯನವರ ಗ್ಯಾರೇಜು ಮುಚ್ಚಿದೆ, ಕಾರು ಅಲ್ಲೇ. ಪೆಟ್ಟಿಗೆ ನಡುಮನೆಯಲ್ಲಿ. ಬಿಚ್ಚಿ ನೋಡಿದೆ. ತಟ್ಟೆಯ ಮೇಲೆ ಬೂದು ಬಣ್ಣದ ಹೊಸ ಲೈನಿಂಗು, ಒರಟು ಒರಟು. ಬೆರಳಾಡಿಸಿದೆ... ಚಿಕ್ಕ ಹುಡುಗಿಯ ಹಾಗೆ.

27 ಸೆಪ್ಟೆಂಬರ್, ಶನಿವಾರ. ಆಯುಧಪೂಜೆ

ಇವರು ಬೆಳಿಗ್ಗೆಯೇ ಕೆಲಸದ ಸೈಟಿಗೆ, ಅಲ್ಲಿ ಗಾರೆಯವರ ಪೂಜೆ. ಮನೆಯ ಪೂಜೆ ಅತ್ತೆಯದು. ನಾನು ಒಬ್ಬಟ್ಟಿನ ಮುಂದೆ ಬೆವರುತ್ತ ಇದ್ದೆ. ನಡುಮನೆಗೆ ಬಂದು ನೋಡಿದರೆ ಸಾಲಾಗಿ ಮಚ್ಚು, ಈಳಿಗೆಮಣೆ, ಹಾರೆ, ಊರಿಂದ ತಂದಿಟ್ಟುಕೊಂಡಿರುವ ಮಾವನವರ ಕುಡುಗೋಲು — ತುದಿಯಲ್ಲಿ ನನ್ನ ಕ್ಲಚ್ ತಟ್ಟೆ!

"ಗಾಡಿ ಮನೇಲಿಲ್ವಲ್ಲ. ಗಾಡಿ ಬದ್ಲು ಇದೇ," ಅಂದರು ಅತ್ತೆ.

ಎಲ್ಲ ಕಬ್ಬಿಣಕ್ಕೂ ತೊಳೆದು ಹರಳೆಣ್ಣೆ ಸವರುವುದು ಅವರ ಊರಿನ ಪದ್ಧತಿ. ತುಕ್ಕು ಹಿಡಿಯುವುದಿಲ್ಲ. ತಟ್ಟೆಗೂ ಸವರಿದ್ದಾರೆ, ಎರಡೂ ಮಗ್ಗುಲಿಗೆ, ಎಲ್ಲಕ್ಕಿಂತ ಹೆಚ್ಚಾಗಿ. ಮಿರಮಿರ ಮಿಂಚುತ್ತಿತ್ತು. ನಡುವೆ ಕುಂಕುಮ, ಒಂದು ಸೇವಂತಿಗೆ. "ನನ್ನ ಸೊಸೆ ಕಾಲ್ಗೆ ನೋವು ಕೊಡಬ್ಯಾಡ ಕಣಪ್ಪ" ಎಂದು ಅದಕ್ಕೇ ಕೈಮುಗಿದರು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸಂಜೆ ಅವರೇ ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಗೆ ಹಾಕಿದರು.

2 ಅಕ್ಟೋಬರ್, ಗುರುವಾರ

ಹಾಕಿದರು. ಹಬ್ಬದ ಮೇಲೆ ಗ್ಯಾರೇಜಿನಲ್ಲಿ ಜಾತ್ರೆ, ಚೆಲುವಯ್ಯ ಕತ್ತಲಾಗುವ ಹೊತ್ತಿಗೆ ಅವಸರದಲ್ಲಿ ಕೂರಿಸಿ ಮುಗಿಸಿದರು. ಮನೆಯವರೆಗೆ ನಾನೇ ತಂದೆ. ಪೆಡಲ್ ಬೆಣ್ಣೆ. ಇವರೂ ಎಡಗಡೆ ಕುಳಿತು "ಪರ್ವಾಗಿಲ್ಲ" ಅಂದರು. ಇವರ ಬಾಯಲ್ಲಿ ಪರವಾಗಿಲ್ಲ ಎಂದರೆ ಪದಕ ಕೊಟ್ಟ ಹಾಗೆ.

5 ಅಕ್ಟೋಬರ್, ಭಾನುವಾರ

ಜಾರಿತು.

ಅದೇ ಬೆಟ್ಟ, ಮೊದಲಿಗಿಂತ ಕೆಳಗೇ. ಇವರೇ ಓಡಿಸುತ್ತಿದ್ದರು. ಹೆಬ್ಬೆರಳು ಪೆಡಲ್ ಮೇಲೆ ಇರಲಿಲ್ಲ, ಬಗ್ಗಿ ನೋಡಿದೆ. ಎಂಜಿನ್ ಕಿರುಚಿತು, ಹೊಗೆ ಬಂತು, ಹಿಮ್ಮುಖವಾಗಿ ಇಳಿಸಿದೆವು. ಇವರು ಬೈಯಲಿಲ್ಲ. "ನೋಡಿದ್ಯಲ್ಲ" ಅಂದರು, ಅಷ್ಟೆ. ಮುಖದಲ್ಲಿ ಬೇಸರವಿತ್ತು. ಬೇಸರದ ಕೆಳಗೆ ಒಂದಿಷ್ಟು ನಿರಾಳವೂ ಇತ್ತು. ಅದನ್ನು ನೋಡಬಾರದಿತ್ತು.

ಅತ್ತೆ ಮನೆಯವರೆಗೂ ತಾಯಿ ಚಾಮುಂಡಿಯನ್ನು ಕೇಳುತ್ತಿದ್ದರು — ಪೂಜೆಯಲ್ಲಿ ಏನು ಲೋಪವಾಯಿತು ಎಂದು.

6 ಅಕ್ಟೋಬರ್, ಸೋಮವಾರ

ಗ್ಯಾರೇಜಿಗೆ ಇವರ ಜೊತೆ ಹೋದೆ. ಇವರು ಲಾರಿ ಸೆಟ್ಟಿಗೆ ಹೇಳಿಬರಲು ಚಿಕ್ಕಣ್ಣನ ಶೆಡ್ಡಿಗೆ ಹೋದಾಗ ಚೆಲುವಯ್ಯ ತಟ್ಟೆ ಹೊರಗೆ ತೆಗೆದರು. ಕಪ್ಪಗೆ, ಗಾಜಿನ ಹಾಗೆ ಹೊಳಪು. ಮೂಗಿನ ಹತ್ತಿರ ಹಿಡಿದರು. ಮತ್ತೆ ಹಿಡಿದರು.

"ಎಂಜಿನ್ ಆಯಿಲ್ ಅಲ್ಲ ಇದು. ಹರಳೆಣ್ಣೆ. ಮನೇಲಿ ಪೂಜೆ ಮಾಡಿದ್ರಾ ಅಮ್ಮಾವ್ರೇ?"

ಕ್ಲಚ್ಚಿನ ತಟ್ಟೆ ಬೇಸಿಗೆಯ ಬಯಲಿನ ಹಾಗೆ ಒಣಗಿರಬೇಕಂತೆ. ಲೈನಿಂಗು ಎಣ್ಣೆ ಕುಡಿಯುತ್ತದೆ, ಮೇಲೆ ಒರೆಸಿದರೆ ಕಾಣುವುದಿಲ್ಲ. ಕಾವು ಏರಿದಾಗ ಕಕ್ಕುತ್ತದೆ. ಪೆಟ್ರೋಲಲ್ಲಿ ತೊಳೆದರೂ ನಂಬುವ ಹಾಗಿಲ್ಲ.

"ನಾನೂ ಅವತ್ತು ನೋಡ್ಬೇಕಿತ್ತು. ಕತ್ಲೇಲಿ ಹಾಕ್ಬುಟ್ಟೆ," ಎಂದರು. ಆಮೇಲೆ, "ಯಜಮಾನ್ರಿಗೆ ಹೇಳ್ಲಾ? ಮದ್ರಾಸಿನ ಮಾಲು ತಪ್ಪಲ್ಲ ಇದು."

ಹೇಳಿದರೆ ನನ್ನ ಕ್ಲಚ್ಚು ಉಳಿಯುತ್ತದೆ. ಇನ್ನೊಂದು ತಟ್ಟೆ ತರಿಸಬಹುದು. ಹೇಳಿದರೆ ಇವರು ಮನೆಗೆ ಹೋಗಿ ಏನನ್ನುತ್ತಾರೆ ಎಂಬುದೂ ಗೊತ್ತು. ಚಿಕ್ಕಣ್ಣನ ಬಾಯಿಗೆ ಬಿದ್ದರೆ ಇಡೀ ಹೋಟೆಲಿಗೆ ಹಬ್ಬ. ಪುಟ್ಟಸ್ವಾಮಿಯ ಅವ್ವ ಕ್ಲಚ್ಚಿಗೆ ಎಣ್ಣೆಸ್ನಾನ ಮಾಡಿಸಿದರಂತೆ... ಅತ್ತೆ ಮತ್ತೆ ಗಂಟು ಕಟ್ಟುತ್ತಾರೆ. ಈ ಸಲ ಹೋದರೆ ಬರುವುದಿಲ್ಲ.

"ಹೇಳಬೇಡಿ" ಅಂದೆ.

ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

9 ಅಕ್ಟೋಬರ್, ಗುರುವಾರ

ಲಾರಿಯದು ಕೂತಿತು. ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿತಂತೆ. ಇವರು ಚಿಕ್ಕಣ್ಣನನ್ನು ಕೂರಿಸಿಕೊಂಡು ಹೋಗಿಬಂದರು.

12 ಅಕ್ಟೋಬರ್, ಭಾನುವಾರ

ಸುಮ್ಮನಿರಬೇಕಿತ್ತು. ಹಟ. "ನಾನೂ ನೋಡ್ತೀನಿ" ಎಂದು ಕೂತೆ. ಬೆನ್ನಿಗೆ ಜಮಖಾನ ಮಡಿಸಿ ಇಟ್ಟುಕೊಂಡೆ. ಎರಡೂ ಕೈಯಲ್ಲಿ ಚಕ್ರ ಹಿಡಿದು ತುಳಿದರೆ ಪೂರ್ತಿ ಹೋಗುತ್ತದೆ, ಆದರೆ ನಿಧಾನವಾಗಿ ಬಿಡಲು ಕಾಲು ಕೇಳುವುದಿಲ್ಲ. ಬೀದಿಯ ತಿರುವಿನಲ್ಲಿ ಕಾರು ಕಪ್ಪೆಯ ಹಾಗೆ ನೆಗೆದು ಆಫ್ ಆಯಿತು. ಮತ್ತೆ. ಮತ್ತೆ. ಮಡಕೆ ಗಾಡಿಯವನು ಹಿಂದೆ ನಿಂತು ಕಾಯುತ್ತಿದ್ದ. ಮನೆಮನೆಯ ಬಾಗಿಲಲ್ಲೂ ಜನ.

ಇವರು ಇಳಿದು ನನ್ನ ಕಡೆಗೆ ಬಂದರು. "ಬುಡು, ನಾನು ಓಡುಸ್ತೀನಿ." ಮೆತ್ತಗೆ ಅಂದರು. ಗದರಿದ್ದರೆ ಚೆನ್ನಾಗಿತ್ತು.

9 ನವೆಂಬರ್, ಭಾನುವಾರ

ಏನೂ ಬರೆದಿಲ್ಲ ಇಷ್ಟು ದಿನ. ದೀಪಾವಳಿ ಬಂತು, ಹೋಯಿತು. ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂರುತ್ತೇನೆ. ಮುಂದೆ ಕೂತರೆ ಕಾಲು ತಾನಾಗಿ ಒತ್ತಲು ಹೋಗುತ್ತದೆ. ಅತ್ತೆಯ ತಂಗಿಯ ಮನೆಗೆ ಹೋಗಿ ತಿಂಗಳಾಯಿತು. ಇವರಿಗೆ ಬಿಡುವಿಲ್ಲ.

ಕಾರು ತೊಳೆಯುವುದನ್ನು ಬಿಟ್ಟಿದ್ದೇನೆ. ಇವರು ಕೇಳಲಿಲ್ಲ. ತಾವೇ ಒಂದು ಬಕೆಟ್ ನೀರು ಎರಚಿ ಹೋಗುತ್ತಾರೆ. ಇವರೂ ಖುಷಿಯಾಗಿಲ್ಲ. ಗೆದ್ದವರ ಮುಖ ಹಾಗಿರುವುದಿಲ್ಲ.

ಅತ್ತೆ ಇವತ್ತು ಕೇಳಿದರು, "ಅಷ್ಟು ಚೆಂದಾಗಿ ಪೂಜೆ ಮಾಡಿದ್ನಲ್ಲ, ಆ ತಟ್ಟೆ ಯಾಕವ್ವ ಕೈ ಕೊಡ್ತು?"

"ಮಾಲು ಸರಿಯಿಲ್ಲ ಅತ್ತೆ" ಅಂದೆ. ಮದರಾಸಿನವರು ಕ್ಷಮಿಸಲಿ.

14 ನವೆಂಬರ್, ಶುಕ್ರವಾರ

ಇಬ್ಬರೂ ಮಲಗಿದರು. ಬರೆಯುತ್ತೇನೆ.

ಮಧ್ಯಾಹ್ನ ಅತ್ತೆ ಕಾಣಲಿಲ್ಲ. ಪಕ್ಕದ ಮನೆಗೆ ಹೋಗಿರಬೇಕು ಅಂದುಕೊಂಡೆ. ಹೋಗಿದ್ದದ್ದು ಚೆಲುವಯ್ಯನವರ ಗ್ಯಾರೇಜಿಗೆ, ನಡೆದುಕೊಂಡು. ನನ್ನ ಮಾತು ನಂಬಿರಲಿಲ್ಲ. ಚೆಲುವಯ್ಯ ಹಾಗೆ ಹೀಗೆ ಎಂದು ತಪ್ಪಿಸಿಕೊಳ್ಳಲು ನೋಡಿದರಂತೆ. "ತಾಯಿ ಸಮಾನಳಿಗೆ ಸುಳ್ಳು ಏಳ್ತೀಯೇನಪ್ಪ" ಎಂದಾಗ ಹೇಳಿಬಿಟ್ಟರಂತೆ.

ರಾತ್ರಿ ಇವರು ಊಟಕ್ಕೆ ಕುಳಿತಿದ್ದರು. ಇವರ ತಟ್ಟೆಗೆ ಮುದ್ದೆ ಹಾಕಿ ಅತ್ತೆ ಅಲ್ಲೇ ನಿಂತರು.

"ಆ ಮದ್ರಾಸಿಂದು ಕೆಟ್ಟದ್ದು ನನ್ನಿಂದ ಕಣೋ. ನಾನೇ ಎಣ್ಣೆ ಅಚ್ಚಿದ್ದು. ಕುಡುಗೋಲಿಗೆ ಅಚ್ಚಂಗೆ ಅಚ್ಬುಟ್ಟೆ. ಅದು ಒಣಗಿರ್ಬೇಕಂತೆ, ನನಗೇನು ಗೊತ್ತು. ಬೈಯೋದಿದ್ರೆ ಈಗಲೇ ಬಯ್ದುಬುಡು. ನಾಕು ಜನದ ಮುಂದೆ ಬ್ಯಾಡ."

ನಾನು ಸಾರಿನ ಪಾತ್ರೆ ಹಿಡಿದು ನಿಂತುಬಿಟ್ಟಿದ್ದೆ. ಇವರು ನನ್ನ ಮುಖ ನೋಡಿದರು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅತ್ತೆಗಾಗಿ ಎನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ನೀವೂ ಹೇಳ್ಲಿಲ್ವಲ್ಲ. ನಾನು ಓಡಿಸೋದು ಬೇಡ ಅಂತ, ಬಾಯಿಬಿಟ್ಟು."

ಇವರು ಮುದ್ದೆ ಮುರಿದು ಹಾಗೇ ಕೈಯಲ್ಲಿ ಹಿಡಿದಿದ್ದರು. ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು. ಮಗ ಲಾರಿಯದಕ್ಕೆ ಯಾಕೆ ಅಷ್ಟು ಅವಸರ ಮಾಡಿದ ಎಂಬುದು ಅವರಿಗೆ ಈಗ ಹೊಳೆದಿರಬೇಕು. ಬೈಸಿಕೊಳ್ಳಲು ನಿಂತವರು ಮೆಲ್ಲನೆ ಕುಳಿತರು.

"ನನ್ನ ಎಣ್ಣೆ ಗಾಡಿ ಬಿಚ್ಚುದ್ರೆ ಕಾಣ್ತಿತ್ತು," ಅಂದರು. "ನಿಂದು ಒಳಗಿತ್ತು ಕಣೋ ಮಗ."

ಇವರು ತಲೆ ತಗ್ಗಿಸಿ ಊಟ ಮುಗಿಸಿದರು. ಎದ್ದು ಹೋಗುವಾಗ ಅತ್ತೆಯ ಭುಜ ಮುಟ್ಟಿದರು.

16 ನವೆಂಬರ್, ಭಾನುವಾರ

ಬೆಳಿಗ್ಗೆ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದೆ. ಇವರು ಬಂದು ಹಗ್ಗದ ಆ ತುದಿ ಹಿಡಿದು ನಿಂತರು, ಹಗ್ಗಕ್ಕೆ ಯಾರೂ ಹಿಡಿಯುವ ಅಗತ್ಯವಿರಲಿಲ್ಲ.

"ನಾಚಿಕೆ ಆಯ್ತಿತ್ತು ಕಣೆ," ಅಂದರು. "ಹೋಟ್ಲಲ್ಲಿ ಅವರು ಅನ್ನೋದು... ನಿನ್ನ ಬೇಡ ಅನ್ನಕ್ಕೂ ನಾಚಿಕೆ. ಕಲಿಸ್ದೋನು ನಾನು." ಹಗ್ಗ ಬಿಟ್ಟು, "ಬಯ್ಯಿ ಬೇಕಾದ್ರೆ."

ಬೈಯಲು ತಿಂಗಳಿಂದ ಎಷ್ಟೋ ಮಾತು ಕೂಡಿಟ್ಟಿದ್ದೆ. ಒಂದೂ ನೆನಪಾಗಲಿಲ್ಲ. "ಆ ಪಂಚೆ ಕೊಡಿ ಈ ಕಡೆ" ಅಂದೆ.

ಮಧ್ಯಾಹ್ನ ಚಿಕ್ಕಣ್ಣ ಜಗಲಿಯಲ್ಲಿ. ಇವರು ನಿನ್ನೆಯೇ ಮದರಾಸಿಗೆ ಮತ್ತೆ ಆರ್ಡರು ಕಳಿಸಿದ್ದು ಅವನಿಗೆ ಚೆಲುವಯ್ಯನವರಿಂದ ತಿಳಿದಿತ್ತು. "ಏನೋ ಇದು? ಅಷ್ಟು ಗಟ್ಟಿ ಮಾಲು ಬಿಚ್ಚಿಸ್ತೀಯಂತೆ. ಹೆಂಡ್ತಿ ಕಾಲಿಗೆ ತಕ್ಕ ಕ್ಲಚ್ಚಾ?"

ಕಾಫಿ ಹಿಡಿದು ಬಾಗಿಲ ಹಿಂದೆ ನಿಂತಿದ್ದೆ. ಈಗ ನಕ್ಕು ತೇಲಿಸಿಬಿಡುತ್ತಾರೆ ಅಂದುಕೊಂಡೆ.

"ಹೂಂ ಕಣೋ," ಅಂದರು ಇವರು. "ಓಡ್ಸೋರ ಕಾಲಿಗೆ ತಾನೇ ನೋಡಿ ಹಾಕ್ಸದು? ವಸಂತ ಓಡುಸ್ತಾಳೆ. ನಾನು ಎಡಕ್ಕೆ ಕೂತ್ಕತೀನಿ. ನಿನಗೂ ಬೇಕಾದ್ರೆ ಹಿಂದೆ ಅವ್ವನ ಪಕ್ಕ ಜಾಗ ಅದೆ."

ಕಿವಿ ಕೆಂಪಾಗಿತ್ತು, ಮೊದಲಿನಷ್ಟೇ. ಆದರೂ ಹೇಳಿದರು. ಚಿಕ್ಕಣ್ಣ ಕಾಫಿ ಕುಡಿದು, ಲಾರಿ ಸೆಟ್ಟನ್ನು ತನ್ನ ಶೆಡ್ಡಿಗೇ ಕಳಿಸಲು ಹೇಳಿ ಹೋದ. ಹೋಗುವಾಗ, "ಅತ್ಗೆಮ್ಮ, ಒಂದಿನ ನನ್ನೂ ಕೂರುಸ್ಕಳಿ," ಅಂದ. ಅದರಲ್ಲಿ ಕುಹಕ ಹುಡುಕಿದೆ. ಸಿಗಲಿಲ್ಲ.

7 ಡಿಸೆಂಬರ್, ಭಾನುವಾರ. ಬೆಳಿಗ್ಗೆ

ನಿನ್ನೆ ಹೊಸ ತಟ್ಟೆ ಕೂತಿತು. ಪಾರ್ಸೆಲ್ ಬಂದಾಗ ಅತ್ತೆ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡು ದೂರ ನಿಂತಿದ್ದರು. "ನಾನು ಮುಟ್ಟಕ್ಕಿಲ್ಲಪ್ಪ, ನೋಡ್ತೀನಿ ಅಷ್ಟೆ." ಇವರೇ ಅವರ ಕೈ ಹಿಡಿದು ತಂದು, ತಟ್ಟೆಗಲ್ಲ, ಪೆಟ್ಟಿಗೆಯ ಮುಚ್ಚಳಕ್ಕೆ ಕುಂಕುಮ ಇಡಿಸಿದರು. ಅತ್ತೆ ಅತ್ತರು. ನಾನೂ. ಇವರು ಮದರಾಸಿನ ರಸೀತಿ ಓದುವವರ ಹಾಗೆ ಆ ಕಡೆ ತಿರುಗಿಕೊಂಡರು.

ಇವತ್ತು ಬೆಟ್ಟ. ಬುಡದವರೆಗಲ್ಲ, ಮೇಲಿನವರೆಗೂ ನಾನೇ ಎಂದು ಇವರೇ ಹೇಳಿದ್ದು. ಭಯವಿದೆ. ಜಾರಿದರೆ? ಬಸ್ಸು ಹಿಂದೆ ಬಂದರೆ? ಧೈರ್ಯಕ್ಕೆಂದು ನಾಲ್ಕು ಸಾಲು ಬರೆಯಲು ಕೂತೆ. ಕಿಟಕಿಯಿಂದ ಕಾಣುತ್ತಿದೆ, ಅತ್ತೆ ಹಿಂದೆ ಕುಳಿತಾಯಿತು, ಇವರು ಎಡಗಡೆ. ಬಾಗಿ ಕೈ ಚಾಚಿ ಹಾರ್ನ್ ಒತ್ತುತ್ತಿದ್ದಾರೆ, ಇಡೀ ಬೀದಿಗೆ ಕೇಳುವ ಹಾಗೆ. ಬಂದೆ, ಬಂದೆ. ಓಡಿಸುವವಳೇ ಒಳಗೆ ಬರೆಯುತ್ತ ಕೂತರೆ ಪಾಪ ಅವರಾದರೂ ಎಷ್ಟು ಹೊತ್ತು...